ತೊಟ್ಟಿಲಿಗೆ ಬಂದ ಮಹಾಶಕ್ತಿ

ಬೆಳೆಯುತ್ತಿರುವ ಚೀನಾದಿಂದ ಉಳಿದ ದೇಶಗಳಿಗೆ ಅಪಾಯವಿದೆಯೇ ಎಂಬ ಪ್ರಶ್ನೆಯನ್ನು ಜಗತ್ತು ಇನ್ನೂ ಬಗೆಹರಿಸಿಲ್ಲ. ನಾವು ನೆಲೆಸಿದ ಮರಾಠಿ ಸೀಮೆಯ ನಿಗಡಿಯಲ್ಲಿ, ನಮ್ಮ ಉದ್ಯಾನದ ಕಲ್ಲುಬೆಂಚು ಮಾತ್ರ ಅದನ್ನು ಎಂದೋ ಬಗೆಹರಿಸಿತ್ತು. ಅಪಾಯವಿದೆ ಎಂಬುದು ನನ್ನ ತೀರ್ಪು. ಇರಬಹುದು, ಮೊದಲು ಚಹಾ ಕುಡಿಯೋಣ ಎಂಬುದು ಬೆಂಚಿನ ಇನ್ನೊಂದು ತುದಿಯವರ ತೀರ್ಪು. ಅವರು ಇಂದಾಪುರದ ಕಡೆಯವರು, ಸರಕಾರಿ ಬಸ್ಸಿನ ನಿವೃತ್ತ ಚಾಲಕರು. ವರ್ಷಗಟ್ಟಲೆ ವಿಜಯಪುರದ ಬಸ್ಸು ಓಡಿಸಿ, ನಮ್ಮ ಕಡೆಯ ಕನ್ನಡವನ್ನು ಮರಾಠಿಯ ಗೇರಿನಲ್ಲಿ ಮಾತನಾಡುವವರು. ನಾನು ಕಾರ್ಖಾನೆಯ ಟೂಲ್‌ರೂಮಿನಲ್ಲಿ ಕೂದಲೆಳೆಯಷ್ಟು ಅಳತೆ ತಪ್ಪಿದರೂ ಹೆದರುತ್ತ ಬದುಕಿದವನು. ನಿವೃತ್ತಿಯ ನಂತರ ಹೆದರಲು ಇನ್ನೂ ದೊಡ್ಡದೇನಾದರೂ ಬೇಕಿತ್ತು. ಚೀನಾ ಸಿಕ್ಕಿತು.

ಹೋದ ಚಳಿಗಾಲದಲ್ಲಿ ಈ ಅಪಾಯ ಹಿಮಾಲಯ ದಾಟಿ ನೇರ ನಮ್ಮ ಮೂರನೆಯ ಮಹಡಿಗೇ ಬಂತು.

ಮಗಳು ಬಾಣಂತನಕ್ಕೆ ಬಂದಿದ್ದಳು. ಮೊಮ್ಮಗಳಿಗೆ ಹೆಸರಿಡುವ ದಿನ ಹತ್ತಿರವಾಗಿತ್ತು. ತೊಟ್ಟಿಲಲ್ಲಿ ಹಾಸಲು ನನ್ನ ಹೆಂಡತಿ ಕೌದಿ ಹೊಲಿಯುತ್ತಿದ್ದಳು. ಹಳೆಯ ಬಟ್ಟೆಯ ತುಂಡುಗಳನ್ನು ಒಂದರ ಮೇಲೊಂದು ಹರಡಿ, ಕೈಸೂಜಿಯಿಂದ ಸಾಲುಸಾಲಾಗಿ ಹೊಲಿದು ಒಂದುಮಾಡಿದರೆ ಅದು ಕೌದಿ. ಇದರಲ್ಲಿ ಅವಳ ತಾಯಿಯ ಇಳಕಲ್ ಸೀರೆಯಿತ್ತು, ಮಗಳ ಶಾಲೆಯ ಲಂಗವಿತ್ತು, ಮತ್ತು ನಡುಮಧ್ಯದಲ್ಲಿ ನನ್ನ ನೀಲಿ ಯೂನಿಫಾರ್ಮಿನ ಬೆನ್ನು. ಮಗಳು ಕೂಸಾಗಿದ್ದಾಗ ಮಲಗಿದ್ದು ಅವಳ ಅಜ್ಜಿಯ ಕೌದಿಯ ಮೇಲೆ. ಆ ಅಜ್ಜಿ ಈಗಿಲ್ಲ, ಸೂಜಿ ಇವಳ ಕೈಗೆ ಬಂದಿದೆ. ಮೊಮ್ಮಗಳ ತೊಟ್ಟಿಲಲ್ಲಿ ತನ್ನ ಕೌದಿಯೇ ಇರಬೇಕು, ಮೈಸೂರಿನಿಂದ ಬರುವ ಬೀಗರು ಅದನ್ನು ನೋಡಬೇಕು ಎಂಬುದು ಅವಳು ಬಾಯಿಬಿಟ್ಟು ಹೇಳದ, ಇಡೀ ಮನೆಗೆ ಗೊತ್ತಿದ್ದ ಆಸೆ.

ಶನಿವಾರ ಊರಿನ ಇನ್ನೊಂದು ತುದಿಯ ಖರಾಡಿಯಿಂದ ಅಳಿಯಂದಿರು ಬಂದರು. ಕೈಯಲ್ಲಿ ಪಾರ್ಸಲ್ಲು. ಒಡೆದರೆ ತಿಳಿಗುಲಾಬಿ ಬಣ್ಣದ ಬ್ಲಾಂಕೆಟ್, ಅದರ ತುಂಬ ಬಿದಿರು ಮೆಲ್ಲುವ ಪಾಂಡಾಗಳು. ಮೂಲೆಯ ಚೀಟಿ ತನ್ನ ಜನ್ಮಸ್ಥಳವನ್ನು ನಿಸ್ಸಂಕೋಚವಾಗಿ ಸಾರುತ್ತಿತ್ತು.

“ಅತ್ತೆ, ಮುಟ್ಟಿ ನೋಡಿ, ಎಷ್ಟು ಸಾಫ್ಟ್ ಆಗಿದೆ. ತೊಟ್ಟಿಲಿಗೆ ಅಂತಾನೇ ಆರ್ಡರ್ ಮಾಡ್ದೆ.”

“ಛಲೋ ಅದರೀ,” ಎಂದು ಹೆಂಡತಿ ಒಳಗೆ ಹೋದಳು.

ಶತ್ರುವಿನ ಬಲಾಬಲ ತಿಳಿಯಲೆಂದು ನಾನೂ ಮುಟ್ಟಿದೆ. ಸತ್ಯ ಹೇಳಬೇಕು: ಹೋದ ಕೈ ಹಿಂದಕ್ಕೆ ಬರಲು ಒಪ್ಪಲಿಲ್ಲ.

ಅಡುಗೆಮನೆಯಲ್ಲಿ ನನ್ನ ವಿಚಾರಣೆ ನಡೆಯಿತು. “ದಿನಾ ಬೆಂಚಿನ ಮ್ಯಾಲೆ ಕುಂತು ಚೀನಾ ಬರ್ತದ, ಚೀನಾ ಬರ್ತದ ಅಂತಿದ್ರಲ್ಲ. ಬಂದದ ನೋಡ್ರಿ. ಈಗೇನ್ ಮಾಡ್ತೀರಿ?”

“ವಿಚಾರ ಮಾಡಿ ಹೇಳ್ತೀನಿ.”

“ಲಗೂನ ಮಾಡ್ರಿ. ಕೂಸಿನ ಲಗ್ನದ ತನಕ ವಿಚಾರ ಮಾಡಬ್ಯಾಡ್ರಿ.”

ಮರುದಿನ ಬೆಂಚಿನ ತುರ್ತು ಅಧಿವೇಶನ ಕರೆದೆ. ಬಹಿಷ್ಕಾರವೊಂದೇ ಮಾರ್ಗ ಎಂದು ಮಂಡಿಸಿದೆ. ಚಾಲಕರು ಟೋಪಿ ಸರಿಮಾಡಿಕೊಂಡರು.

“ಎದುರಿಗೆ ದೊಡ್ಡ ಟ್ರಕ್ ಬಂತಂದ್ರ ನಾ ಅಡ್ಡ ನಿಲ್ತಿದ್ದಿಲ್ಲರಿ. ಲೈಟ್ ಹೊಡದು ನನ್ನ ಸೈಡಿನ್ಯಾಗ ಹೋಗ್ತಿದ್ದೆ. ತ್ಯಾಚಾ ರಸ್ತಾ ತ್ಯಾಚಾ, ಮಾಝಾ ರಸ್ತಾ ಮಾಝಾ. ಅವನ ದಾರಿ ಅವಗ, ನನ್ನ ದಾರಿ ನನಗ.”

“ಅಡ್ಡ ನಿಂತವರು?”

“ಅವರು ಮರುದಿನ ಪೇಪರಿನ್ಯಾಗ ಬರ್ತಿದ್ರು.”

ಇಂಥ ಮೆದು ಧೋರಣೆಯಿಂದಲೇ ರಾಷ್ಟ್ರಗಳು ಹಾಳಾಗುತ್ತವೆ ಎಂದುಕೊಂಡು ಮನೆಗೆ ಬಂದೆ. ಚಹಾ ಕೈಗೆ ಬರುತ್ತಲೇ ಬಹಿಷ್ಕಾರ ಘೋಷಿಸಿದೆ. ಹೆಂಡತಿ ಕೌದಿಯಿಂದ ತಲೆ ಎತ್ತದೆ ಸೂಜಿಯ ಪೊಟ್ಟಣ ಚಾಚಿದಳು.

“ಮದ್ಲ ಇದರಾಗಿನ ಒಂದು ಸೂಜಿಗೆ ದಾರ ಪೋಣಿಸಿ ಕೊಡ್ರಿ. ಆಮ್ಯಾಲೆ ಬಹಿಷ್ಕಾರ ಹಾಕ್ರಿ.”

ಚಷ್ಮಾ ಹಾಕಿ ಪೊಟ್ಟಣ ಓದಿದೆ. ಸೂಜಿಯ ತವರೂ ಅದೇ. ಒಂದು ಅನುಮಾನ ಬಂದು ಚಷ್ಮಾ ತೆಗೆದು ಅದರ ಕಡ್ಡಿಯ ಒಳಬದಿ ನೋಡಿದೆ. ಅಲ್ಲಿ ಏನೋ ಬರೆದಿತ್ತು, ಆದರೆ ಅದನ್ನು ಓದಲು ಚಷ್ಮಾ ಬೇಕಿತ್ತು. ಮಗಳು ಕಸಿದುಕೊಂಡು ಓದಿ, “ಅಪ್ಪಾ, ಇದೂ ಅಲ್ಲಿಂದನ ಬಂದದ,” ಎಂದಳು. ಚಹಾ ಆರುವ ಮೊದಲೇ ಬಹಿಷ್ಕಾರವನ್ನು ಹಿಂತೆಗೆಯಲಾಯಿತು.

ಇನ್ನು ಉಳಿದದ್ದು ರಾಜತಂತ್ರ. ಸಂಜೆ ಅಳಿಯಂದಿರನ್ನು ಬಾಲ್ಕನಿಗೆ ಕರೆದು, ಎಳೆಗೂಸಿಗೆ ಮೊದಲು ಹಳೆಯ ಬಟ್ಟೆ ಸೋಕಬೇಕು, ಹೊಸದು ಆಮೇಲೆ, ಇದು ನಮ್ಮ ಕಡೆಯ ಪದ್ಧತಿ ಎಂದು ಗಂಭೀರವಾಗಿ ನಿವೇದಿಸಿದೆ. ಅವರು ಶಾಂತವಾಗಿ ಕೇಳಿಸಿಕೊಂಡರು.

“ಮಾವ, ಕೌದಿ ಬೇಡ ಅಂತ ನಾನೆಲ್ಲಿ ಹೇಳ್ದೆ? ಆದ್ರೆ ಅದು ತುಂಬಾ ತೆಳು ಇದೆ. ಈ ಚಳೀಲಿ ಪಾಪುಗೆ ಕೆಳಗಿಂದ ತಣ್ಣಗಾಗಲ್ವಾ?”

ಬೆಂಚಿನ ಮೇಲೆ ಯಾರೂ ನನಗೆ ಇಂಥ ನ್ಯಾಯವಾದ ಪ್ರಶ್ನೆ ಕೇಳಿರಲಿಲ್ಲ. ತಿರುಗಿ ನೋಡಿದರೆ ಬಾಗಿಲಲ್ಲಿ ಹೆಂಡತಿ. ಎಲ್ಲ ಕೇಳಿಸಿಕೊಂಡಿದ್ದಳು. ಒಳಗೆ ಹೋಗಿ ಕೌದಿಯನ್ನು ಎರಡು ಅಂಗೈಗಳ ನಡುವೆ ಒತ್ತಿ ನೋಡಿದಳು.

“ಖರೇನ ತೆಳು ಅದ,” ಅಂದಳು. “ಅವ್ವನ ಸೀರಿ ಭಾಳ ಸವದದ.”

ಸೋತೆವು ಅಂದುಕೊಂಡೆ. ಸೋಲನ್ನು ಘನತೆಯಿಂದ ಸ್ವೀಕರಿಸುವ ಒಂದೆರಡು ವಾಕ್ಯಗಳನ್ನೂ ಮನಸ್ಸಿನಲ್ಲೇ ಸಿದ್ಧಮಾಡಿಕೊಂಡೆ. ಅಷ್ಟರಲ್ಲಿ ಅವಳು ಕೌದಿಯನ್ನು ನೆಲದ ಮೇಲೆ ಹರಡಿ, ಕತ್ತರಿ ಹಿಡಿದು ಒಂದು ಬದಿಯಿಂದ ಸಾಲುಸಾಲಾಗಿ ಹೊಲಿಗೆ ಬಿಚ್ಚತೊಡಗಿದಳು.

“ಅಳಿಯಂದ್ರ, ನಿಮ್ಮ ಬ್ಲಾಂಕೆಟ್ ತರ್ರಿ. ಕೌದಿ ಹೊಟ್ಯಾಗ ಹಾಕ್ತೀನಿ. ನಿಮಗ ಬ್ಯಾಸರ ಇಲ್ಲಲ್ಲ?”

“ಒಳಗಡೇನಾ ಅತ್ತೆ?”

“ಹೌದ್ರಿ. ಮ್ಯಾಲೆ ನಮ್ಮ ಬಟ್ಟಿ, ಕೆಳಗ ನಮ್ಮ ಬಟ್ಟಿ. ನಡುವ ಇದು ಬೆಚ್ಚಗ ಕುಂದರ್ತದ.”

ಅಳಿಯಂದಿರು ಬ್ಲಾಂಕೆಟ್ ನೋಡಿದರು, ಕೌದಿ ನೋಡಿದರು. “ಐಡಿಯಾ ಚೆನ್ನಾಗಿದೆ. ಆದ್ರೆ ಪಾಂಡಾ ಒಂದೂ ಕಾಣಲ್ವಲ್ಲ?”

ಇಷ್ಟು ದಿನ ಅಲಿಪ್ತ ನೀತಿ ಪಾಲಿಸಿದ್ದ ಮಗಳು ಹಾಸಿಗೆಯಿಂದಲೇ ನಕ್ಕಳು. “ಒಂದು ಮೂಲ್ಯಾಗ ಒಂದು ಪಾಂಡಾ ಇರ್ಲಿ ಬಿಡವ್ವ.”

ಒಪ್ಪಂದವಾಯಿತು. ಬ್ಲಾಂಕೆಟ್ಟಿನ ಅಂಚಿನಿಂದ ಒಂದು ಪಾಂಡಾ ಕತ್ತರಿಸಿಕೊಂಡು ಮೂಲೆಗೆ ಬಂತು. ಉಳಿದವೆಲ್ಲ ಇಳಕಲ್ ಸೀರೆಯ ಕೆಳಗೆ ಮರೆಯಾದವು. ಅಳಿಯಂದಿರು ನೆಲದ ಮೇಲೆ ಕೂತು ಅಂಚು ಜಗ್ಗಿ ಹಿಡಿದರು, ನಾನು ಚೀನಾದ ಚಷ್ಮಾದಲ್ಲಿ ಚೀನಾದ ಸೂಜಿಗೆ ದಾರ ಪೋಣಿಸುತ್ತ ಹೋದೆ. ಅಂಚಿನಿಂದ ಸುತ್ತುತ್ತ ಬಂದ ಹೊಲಿಗೆಗೆ ಕೊನೆಗೆ ಉಳಿದದ್ದು ನಡುವಿನ ನನ್ನ ಯೂನಿಫಾರ್ಮಿನ ತುಂಡು. ಅದನ್ನು ಮುಚ್ಚುವ ಮೊದಲು ಕೌದಿಗೆ ಉಣಿಸಬೇಕು, ಹೋಳಿಗೆಯ ಒಂದು ಚೂರನ್ನು ಒಳಗಿಟ್ಟು ಹೊಲಿಯಬೇಕು. ಹಸಿದ ಕೌದಿಯ ಮೇಲೆ ಮಲಗಿದ ಕೂಸು ರಾತ್ರಿಯಿಡೀ ಹಸಿದು ಅಳುತ್ತದೆ ಎಂದು ಹೆಂಡತಿಯ ತಾಯಿ ನಂಬಿದ್ದರು.

“ಇರುವೆ ಬರಲ್ವಾ ಅತ್ತೆ?” ಎಂದು ಅಳಿಯಂದಿರು ಕೇಳಿದರು.

“ಈ ತನಕ ಯಾ ಇರುವಿನೂ ತಕರಾರ ಮಾಡಿಲ್ಲರಿ. ಇಡ್ರಿ, ನಿಮ್ಮ ಕೈಲೆ ಇಡ್ರಿ.”

ಅವರೇ ಇಟ್ಟರು. ಮಹಾಶಕ್ತಿಯೊಂದು ಹೋಳಿಗೆ ಸಮೇತ ನಮ್ಮ ಕೌದಿಯ ಹೊಟ್ಟೆಗೆ ಸೇರಿತು.

ಹೆಸರಿಡುವ ದಿನ ಮೈಸೂರಿನ ಬೀಗಿತ್ತಿ ತೊಟ್ಟಿಲಿಗೆ ಬಗ್ಗಿದರು, ಕೈಯೂರಿ ಒತ್ತಿದರು. “ಎಷ್ಟು ಮೆತ್ತಗಿದೆ. ಯಾರು ಹೊಲಿದಿದ್ದು ಇದನ್ನ?”

“ನಾನರೀ,” ಎಂದಳು ನನ್ನ ಹೆಂಡತಿ, ಮೊಸರಿಗೆ ಹೆಪ್ಪು ಹಾಕಿದವರು ಯಾರೆಂದು ಕೇಳಿದಾಗ ಹೇಳುವಷ್ಟೇ ಸಹಜವಾಗಿ. ಆದರೆ ಸೆರಗಿನ ತುದಿ ಬೆರಳಿಗೆ ಸುತ್ತಿ ಸುತ್ತಿ ಬಿಡುತ್ತಿದ್ದಳು.

“ನನಗೂ ಒಂದು ಹೊಲಿದುಕೊಡಿ. ಹಳೇ ಸೀರೆ ನಾನೇ ಕಳಿಸ್ತೀನಿ.”

ಮೊಮ್ಮಗಳು ಹೆಸರು ಕೇಳಿದ ಕೂಡಲೇ ಕೌದಿಯನ್ನು ಒದ್ದೆ ಮಾಡಿ ತನ್ನ ಅನುಮೋದನೆ ನೀಡಿದಳು.

ಊಟಕ್ಕೆ ಬಂದಿದ್ದ ಚಾಲಕರು ಮೂಲೆಯ ಪಾಂಡಾವನ್ನು ಬೆರಳಿಂದ ತಟ್ಟಿದರು. “ಈಗ ಹೇಳ್ರಿ ಸಾಹೇಬ್ರ. ಚೀನಾದಿಂದ ಧೋಕಾ ಅದ ಏನ್ ಇಲ್ಲ?”

ಗಡಿಯ ಮಾತು ಬೇರೆ. ಅದು ಈಗಲೂ ನನ್ನ ನಿದ್ದೆ ಕೆಡಿಸುತ್ತದೆ, ಮನೆಯ ಸೂಜಿಗೆ ನಿಲುಕುವ ಕೆಲಸವಲ್ಲ ಅದು. “ತೊಟ್ಟಿಲ ಮಟ್ಟಿಗೆ ಇಲ್ಲ,” ಎಂದೆ. “ಹೊಲಿಯೋರು ಮನ್ಯಾಗ ಇರೋ ತನಕ.”

ಮರುದಿನ ಬೆಳಿಗ್ಗೆ ತೊಳೆದ ಕೌದಿ ನಮ್ಮ ಬಾಲ್ಕನಿಯಲ್ಲಿ ಒಣಗುತ್ತಿತ್ತು. ಉದ್ಯಾನದ ಬೆಂಚಿನ ಮೇಲೆ ಕೂತಿದ್ದ ನಮ್ಮಿಬ್ಬರಿಗೂ ಅದು ಚೆನ್ನಾಗಿ ಕಾಣುತ್ತಿತ್ತು. ಪಾಂಡಾ ತಲೆಕೆಳಗಾಗಿ ಎಳೆಬಿಸಿಲು ಕಾಯಿಸಿಕೊಳ್ಳುತ್ತಿತ್ತು. ನಡುವೆ ನನ್ನ ನೀಲಿ ಬೆನ್ನು ಗಾಳಿಗೆ ಉಬ್ಬಿತ್ತು. ಧ್ವಜ ಏರಿದಾಗ ನಿಲ್ಲುವಂತೆ ನಾನು ಎದ್ದು ನಿಂತೆ. ಚಾಲಕರೂ ಎದ್ದರು. ಅವರು ಎದ್ದದ್ದು ಚಹಾಕ್ಕೆ.