ಲಂಕೆಗೆ ಹೋದ ಹಗ್ಗ

ನಮ್ಮ ಕಡೆ ದನ ಮಾರಿದರೆ ಹಗ್ಗ ಕೊಡುವುದಿಲ್ಲ. ಕೊಂಡವನು ತನ್ನ ಹಗ್ಗ ತಾನೇ ತರಬೇಕು. ದನ ಕೈಬದಲಾಗುವ ಹೊತ್ತಿಗೆ ಮಾರಿದವನು ಕೊರಳ ಹಗ್ಗ ಬಿಚ್ಚಿ, ಸುತ್ತಿ ಕಂಕುಳಲ್ಲಿಟ್ಟುಕೊಂಡು ಮನೆಗೆ ಬಂದು ಕೊಟ್ಟಿಗೆಯ ಗೂಟಕ್ಕೆ ನೇತುಹಾಕುತ್ತಾನೆ. ಹಗ್ಗ ಹೋದರೆ ಅದರ ಹಿಂದೆಯೇ ಕೊಟ್ಟಿಗೆಯ ಐಸಿರಿಯೂ ಹೋಗುತ್ತದೆ ಅಂತ ನಮ್ಮಪ್ಪ ಹೇಳುತ್ತಿದ್ದ, ಅವನಿಗೆ ಅವರಪ್ಪ ಹೇಳಿದ್ದ. ನಾನು ಬಾಳಿನಲ್ಲಿ ಬೇಕಾದಷ್ಟು ದನ ಮಾರಿದ್ದೇನೆ. ಹಗ್ಗ ಕೊಟ್ಟದ್ದು ಒಂದೇ ಸಲ. ಬೀರೂರು ಸ್ಟೇಷನ್ನಿನಲ್ಲಿ, ನನ್ನ ಹದಿನಾರು ವರ್ಷದ ಮಗನ ಕೈಗೆ.

ನಮ್ಮದು ಪಂಚನಹಳ್ಳಿ ಕಡೆ. ಒಂದಿಷ್ಟು ರಾಗಿ ಹೊಲ, ಒಂದು ತೆಂಗಿನ ತೋಟ. ಮಗನಿಗೆ ಹತ್ತು ವರ್ಷವಿದ್ದಾಗ ಎಮ್ಮೆದೊಡ್ಡಿ ಕಾವಲಿನ ಹುಲ್ಲುಗಾವಲಲ್ಲಿ ಹುಟ್ಟಿದ ಎರಡು ಅಮೃತಮಹಲ್ ಹೋರಿಗರುಗಳನ್ನು ಹರಾಜಿನಲ್ಲಿ ಹಿಡಿದು ತಂದೆ. ಆ ಜಾತಿ ಎಂಥದ್ದು ಅಂತ ಕಂಡವರಿಗೆ ಹೇಳಬೇಕಾಗಿಲ್ಲ. ಬಯಲಿನಲ್ಲಿ ಹುಟ್ಟಿ ಬಯಲಿನಲ್ಲಿ ಬೆಳೆದವು, ಮನುಷ್ಯರ ನೆರಳು ಕಂಡರಾಗದು. ಬಂದ ವಾರವೇ ಒಂದು ನನ್ನ ತೊಡೆಗೆ ಕೊಂಬು ಹಾಕಿತು, ಕಲೆ ಇನ್ನೂ ಇದೆ. ಮಗ ಮಾತ್ರ ಕೂಲಿಮಠ ತಪ್ಪಿಸಿ, ಬೊಗಸೆಯಲ್ಲಿ ಹುರುಳಿ ಹಿಡಿದುಕೊಂಡು ಅವುಗಳ ಎದುರಿಗೆ ಕುಕ್ಕರುಗಾಲಲ್ಲಿ ಕೂತಿರುತ್ತಿದ್ದ. ಒಂದು ಮಾತಿಲ್ಲ, ಕತೆಯಿಲ್ಲ. ತಿಂಗಳೊಪ್ಪತ್ತಿನಲ್ಲಿ ಅವು ಅವನ ಕೈ ನೆಕ್ಕತೊಡಗಿದವು. ಆರು ವರ್ಷಕ್ಕೆ ಸುತ್ತ ಹತ್ತೂರಲ್ಲಿ ಅಂಥ ಜೋಡಿ ಇರಲಿಲ್ಲ. ಆದರೆ ಅವನನ್ನು ಬಿಟ್ಟು ಯಾರು ಹುಲ್ಲು ಹಾಕಿದರೂ ಮೂಸಿ ನೋಡುತ್ತಿರಲಿಲ್ಲ. ನಾನು ಯಜಮಾನ ಅಂತ ಅವಕ್ಕೆ ಯಾರೂ ಹೇಳಿದಂತಿರಲಿಲ್ಲ.

ಆಗ ಬಂದ ನೋಡಿ, ಚಿಕ್ಕಮಗಳೂರ ಕಡೆಯ ಕಾಫಿ ತೋಟದ ಇಂಗ್ಲಿಷ್ ದೊರೆಯ ಲೆಕ್ಕ ಬರೆಯುವ ರೈಟರು. ದೊರೆಯ ಅಣ್ಣನದು ಲಂಕೆಯಲ್ಲಿ ಟೀ ತೋಟವಂತೆ. ಬೆಟ್ಟದ ದಾರಿಯಲ್ಲಿ ಗಾಡಿ ಎಳೆಯಲು ಗಟ್ಟಿ ಜೋಡಿ ಬೇಕಂತೆ. ಕಡೂರು ರಸ್ತೆಯಲ್ಲಿ ನಮ್ಮ ಗಾಡಿ ಕಂಡು ಹಿಂದೆಯೇ ಮನೆ ಹುಡುಕಿಕೊಂಡು ಬಂದಿದ್ದ. ಕೊಡಲು ನಾನೂ ಒಪ್ಪಿದೆ, ನಮ್ಮ ತುಂಡು ಹೊಲಕ್ಕೆ ಆ ಜೋಡಿ ದೊಡ್ಡದಾಗಿತ್ತು. ಎಲ್ಲಾ ಮುಗಿದ ಮೇಲೆ ರೈಟರು ಒಂದು ಮಾತು ತೆಗೆದ. ಇವು ಹೊಸಬರಿಗೆ ಒಗ್ಗುವ ಜಾತಿಯಲ್ಲ, ಗುರುತಿದ್ದವರೊಬ್ಬರು ಜೊತೆಗೆ ಬಂದು ಎಂಟು ತಿಂಗಳು ಅಲ್ಲಿರಬೇಕು, ಹೋಗಿಬರುವ ಜವಾಬ್ದಾರಿಯೆಲ್ಲ ದೊರೆಯದು ಅಂದ. ನಾನೇ ಬರುತ್ತೇನೆ ಅಂದೆ. ಅಷ್ಟಕ್ಕೇ ಬಲದ ಎತ್ತು ನನ್ನ ಕಡೆ ತಿರುಗಿ ಬುಸ್ ಅಂತು. ರೈಟರು ನಗು ತಡೆದುಕೊಂಡು ಮಗನ ಕಡೆ ನೋಡಿದ.

ಮಗ ಒಂದು ಗಳಿಗೆಯೂ ಯೋಚಿಸಲಿಲ್ಲ, ಹೋಗುತ್ತೇನೆ ಅಂದುಬಿಟ್ಟ.

ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ವ್ಯಾಪಾರವೂ ಬೇಡ ಏನೂ ಬೇಡ ಅಂತ ಕೂಗಾಡಿ ರೈಟರನ್ನು ಕಳಿಸಿಬಿಟ್ಟೆ. ಹದಿನಾರು ವರ್ಷದ ಹುಡುಗ, ಕಡೂರು ಸಂತೆಯಿಂದಾಚೆ ಕಂಡವನಲ್ಲ. ಮಳೆಗಾಲದಲ್ಲಿ ಕೆರೆ ಕೋಡಿ ಬಿದ್ದರೆ ಅದನ್ನೇ ಸಮುದ್ರ ಅಂದುಕೊಂಡವನು. ಹಡಗು ಹತ್ತಿ ಹೋಗಿ, ಭಾಷೆ ಬಾರದ ಸೀಮೆಯಲ್ಲಿ ಜ್ವರ ಬಂದು ಮಲಗಿದರೆ ಹಣೆ ಮುಟ್ಟಿ ನೋಡುವವರು ಯಾರು? ಅದನ್ನು ಹೀಗೆ ಬಿಡಿಸಿ ಹೇಳಿದ್ದರೆ ಅವನಿಗೂ ಅರ್ಥವಾಗುತ್ತಿತ್ತೇನೋ. ನಾನು ಹೇಳಿದ್ದು, ಲಂಕೆಗೆ ಹೋಗಿ ಸುಖವಾಗಿ ವಾಪಸ್ಸು ಬಂದವನು ಹನುಮಂತ ಒಬ್ಬನೇ ಕಣೋ ಅಂತ. ರಾಗಿ ಬೀಸುತ್ತಿದ್ದ ನನ್ನ ಹೆಂಡತಿ ಅಲ್ಲಿಂದಲೇ ಸೀತಮ್ಮನೂ ಬಂದಳಲ್ಲ ಅಂದಳು. ಅವಳು ಯಾರ ಪಕ್ಷ ಅಂತ ನನಗೆ ಅವತ್ತೇ ಗೊತ್ತಾಗಬೇಕಿತ್ತು.

ಮಗ ವಾದ ಮಾಡುವವನಲ್ಲ. ಸುಮ್ಮನಾದ. ಕರೆದರೆ ಬರುತ್ತಿದ್ದ, ಹೇಳಿದ ಕೆಲಸ ಮಾಡುತ್ತಿದ್ದ, ಉಣ್ಣುತ್ತಿದ್ದ. ಆ ಸುಮ್ಮನಿರುವುದನ್ನು ತಡೆಯಲಾರದೆ ನಾನು ಮಠದ ಅಯ್ನೋರ ಹತ್ತಿರ ಹೋದೆ. ಅವರು ಬೇಡ ಅಂದುಬಿಟ್ಟರೆ ಪಾಪ ನನ್ನ ತಲೆಗೆ ಬರುವುದಿಲ್ಲವಲ್ಲ ಅಂತ ಲೆಕ್ಕ. ಸಮುದ್ರ ದಾಟಿದರೆ ಏನಾದರೂ ದೋಷ ಉಂಟೇ ಬುದ್ಧಿ, ಅಂತ ಬಹಳ ಭಯಭಕ್ತಿಯಿಂದ ಕೇಳಿದೆ. ಅಯ್ನೋರು ನನ್ನ ಮುಖ ನೋಡಿ ಎಲ್ಲಾ ತಿಳಿದುಕೊಂಡರು. ಹುಡುಗನ ಎದೆ ಮೇಲೆ ಲಿಂಗವಿದೆ, ಅದು ಎಲ್ಲಿಗಾದರೂ ಬರುತ್ತೆ, ದೇಶ ಸುತ್ತು ಇಲ್ಲ ಕೋಶ ಓದು ಅಂತಾರೆ, ನಿನ್ನ ಮಗ ಕೋಶ ಓದಿದ್ದು ನಮಗೆ ಗೊತ್ತು, ದೇಶನಾದರೂ ಸುತ್ತಲಿ ಬಿಡು ಅಂದರು. ಸುತ್ತ ಕೂತವರೆಲ್ಲ ನಕ್ಕರು. ಬೇಡ ಅನ್ನಿಸಿಕೊಳ್ಳಲು ಹೋದವನು ವಿಭೂತಿ ಹಚ್ಚಿಸಿಕೊಂಡು ಬಂದೆ.

ಮನೆಗೆ ಬಂದು ಕೊಟ್ಟಿಗೆಯ ಬಾಗಿಲಲ್ಲಿ ಕೂತೆ. ಹೆಂಡತಿ ಬಂದು ಪಕ್ಕದಲ್ಲಿ ನಿಂತಳು. ಗೂಟದಲ್ಲಿ ನಮ್ಮಪ್ಪನ ಕಾಲದಿಂದ ಮಾರಿದ ದನಗಳ ಹಗ್ಗಗಳು ನೇತಾಡುತ್ತಿದ್ದವು. ಅವಳು ಅವನ್ನೇ ನೋಡುತ್ತಾ ಹೇಳಿದಳು:

"ದನದ ಹಗ್ಗ ಇಟ್ಕೊಂಡ್ರೆ ಐಸಿರಿ ಉಳಿಯುತ್ತೆ ಅಂತೀರಿ. ಮಗನ ಹಗ್ಗ ಹಿಡ್ಕೊಂಡು ಕೂತ್ರೆ ಏನುಳಿಯುತ್ತೆ ಹೇಳಿ?"

ನಿನಗೆ ಹೆದರಿಕೆ ಇಲ್ಲವೇನೇ ಅಂದೆ. ಹೊಟ್ಟೆಯೊಳಗೆ ಬೆಂಕಿ ಬಿದ್ದಂಗಾಗಿದೆ ಅಂದಳು. ಹಾಗಂದವಳು ಒಳಗೆ ಹೋಗಿ ಅವನಿಗೆ ಕಟ್ಟಿಕೊಡಲು ಹುರಿಹಿಟ್ಟಿಗೆ ರಾಗಿ ಹುರಿಯಲು ಕೂತಳು. ನಾನು ರೈಟರಿಗೆ ಹೇಳಿಕಳಿಸಿದೆ.

ಹೊರಡುವ ದಿನ ಅವಳು ಮಗನ ಅಂಗೈಗೆ ಮೊಸರು ಹಾಕಿ ಕಳಿಸಿದಳು, ಸ್ಟೇಷನ್ನಿಗೆ ಬರುವುದಿಲ್ಲ ಅಂದಳು. ನಾನೂ ಅವನೂ ಎತ್ತು ಹೊಡೆದುಕೊಂಡು ನಡೆದೆವು. ಹೇಳಬೇಕಾದ ಬುದ್ಧಿಮಾತುಗಳನ್ನೆಲ್ಲ ಹೊಂದಿಸಿಕೊಂಡಿದ್ದೆ. ಕಡೂರು ದಾಟಲಿ, ಹೇಳೋಣ ಅಂದುಕೊಂಡೆ. ಕಡೂರು ದಾಟಿತು. ಬೀರೂರು ಬರುವವರೆಗೆ ನಾವು ಆಡಿದ ಮಾತೆಲ್ಲ ಹುಲ್ಲು, ನೀರು, ಲಾಳದ್ದೇ.

ಸ್ಟೇಷನ್ನಿನಲ್ಲಿ ರೈಟರು ಹೊಸ ಹಗ್ಗ ತಂದಿದ್ದ, ತೆಂಗಿನ ನಾರಿನದು, ಮುಳ್ಳು ಮುಳ್ಳಾಗಿ ಚುಚ್ಚುವಂಥದ್ದು. ಪದ್ಧತಿಯಂತೆ ನಾನು ಹಳೆಯ ಹಗ್ಗ ಬಿಚ್ಚಿ ಸುತ್ತಿ ಕಂಕುಳಿಗೆ ಸೇರಿಸಿದೆ. ಅವು ನಾನೇ ಹೊಸೆದ ಹಗ್ಗ, ಆರು ವರ್ಷ ಅವುಗಳ ಕೊರಳಿಗೆ ಉಜ್ಜಿ ಉಜ್ಜಿ ಹಳೇ ಪಂಚೆಯಷ್ಟು ಮೆತ್ತಗಾಗಿದ್ದವು. ದನದ ವ್ಯಾಗನ್ನಿಗೆ ಎತ್ತುಗಳನ್ನು ಹತ್ತಿಸಿ ಒಳಗೆ ಕಟ್ಟಿದ್ದಾಯಿತು. ಮಗನೂ ಅವುಗಳ ನಡುವೆ ಹುಲ್ಲಿನ ಮೇಲೆ ಗಂಟು ಇಟ್ಟುಕೊಂಡ. ಇಂಜಿನ್ ಕೂಗಿತು ನೋಡಿ. ಎರಡೂ ಎತ್ತು ಹುಚ್ಚೆದ್ದವು. ಹೊಸ ಹಗ್ಗದ ಉರಿ, ಹೊಸ ವಾಸನೆ, ಆ ಕೂಗು. ಒದೆತಕ್ಕೆ ಹಲಗೆ ಬಿರುಕು ಬಿಟ್ಟಿತು. ಮಗ ಮೂಲೆಗೆ ಒತ್ತಿಕೊಂಡ, ಅವುಗಳ ಕೊಂಬಿಗೂ ಅವನ ಎದೆಗೂ ನಡುವೆ ಒಂದು ಮೊಳ ಜಾಗ.

ಇಳಿಯೋ ಲೇ, ಇಳಿಯೋ ಅಂತ ಕೂಗಿಕೊಂಡೆ. ಅವನು ಇಳಿಯಲಿಲ್ಲ. ಕೈ ಮಾತ್ರ ಹೊರಗೆ ಚಾಚಿದ.

"ಅಪ್ಪಾ, ಹಗ್ಗ ಕೊಡು."

ಸುತ್ತ ನಮ್ಮ ಕಡೆಯವರೇ ನಾಲ್ಕಾರು ಜನ ನಿಂತಿದ್ದರು. ಕೊಡಬೇಡ ಕಣಯ್ಯ, ಮನೆ ಐಸಿರಿ ಅದು, ಅಂತ ಒಬ್ಬ ಮುದುಕ ನನ್ನ ತೋಳು ಹಿಡಿದ. ನನ್ನ ಕೈ ನನ್ನ ಕಂಕುಳನ್ನು ಬಿಟ್ಟು ಬರಲಿಲ್ಲ. ಸುಳ್ಳು ಯಾಕೆ ಹೇಳಲಿ, ಹಗ್ಗ ಕೊಡದಿದ್ದರೆ ಅವನು ಇಳಿದು ಬರುತ್ತಾನೆ ಅನ್ನುವ ಆಸೆಯೂ ಆ ಗಳಿಗೆಯಲ್ಲಿ ಇತ್ತು. ಅವನು ನನ್ನ ಮುಖ ನೋಡುತ್ತಲೇ ಇದ್ದ. ಬೇಡುವ ನೋಟವಲ್ಲ ಅದು. ಕೊಟ್ಟೇ ಕೊಡುತ್ತೀಯ ಅಂತ ನಂಬಿದ ನೋಟ. ನಾನು ಕೊಟ್ಟೆ.

ಅವನು ಹಳೆಯ ಹಗ್ಗ ಒಂದೊಂದಾಗಿ ಕಟ್ಟಿ, ಕೊರಳು ಸವರಿ, ಅದೇನೋ ಗುನುಗಿದ. ಎತ್ತುಗಳು ನಿಂತವು. ರೈಲು ಹೊರಟಿತು. ನಾನು ಬರಿಗೈಯಲ್ಲಿ ಹಿಂದಿರುಗಿದೆ. ಹಗ್ಗ ಎಲ್ಲಿ ಅಂತ ಹೆಂಡತಿ ಕೇಳಿದಳು, ಅವನ ಜೊತೆ ಹೋಯ್ತು ಅಂದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಒಳ್ಳೇ ಕೆಲಸ ಮಾಡಿದ್ರಿ ಅಂದಳು.

ಆ ಚಳಿಗಾಲದಲ್ಲಿ ಕೊಟ್ಟಿಗೆಯ ಹಸುವೊಂದು ಕಂದು ಹಾಕಿತು, ದಿನ ತುಂಬದ ಕರು ಹೋಯಿತು. ಊರಿನವರು ನಾವು ಹೇಳಿರಲಿಲ್ಲವೇ ಅಂದರು. ಹಸುವಿನ ಚಿಂತೆ ನನಗಿರಲಿಲ್ಲ. ಐಸಿರಿ ಅನ್ನುವುದು ಇರುವುದೇ ಹೌದಾದರೆ ಅದು ಹಗ್ಗದ ಜೊತೆ ಹೋಗಲಿ, ಅವನ ಬೆನ್ನಿಗಿರಲಿ, ಈ ಕೊಟ್ಟಿಗೆ ಬರಿದಾದರೂ ಚಿಂತೆಯಿಲ್ಲ ಅಂತ ದಿನಾ ಪೂಜೆಯಲ್ಲಿ ಕೇಳಿಕೊಳ್ಳುತ್ತಿದ್ದೆ.

ಮೂರು ಕಾರ್ಡು ಬಂದವು. ಅಕ್ಷರ ಕೂಡಿಸಿಕೊಂಡು ನಾನೇ ಓದುತ್ತಿದ್ದೆ, ಹೆಂಡತಿ ಬಾಗಿಲಿಗೊರಗಿ ಕೇಳುತ್ತಿದ್ದಳು. ಎಡದ ಎತ್ತು ಚೆನ್ನಾಗಿದೆ. ಬಲದ ಎತ್ತಿಗೆ ಕಾಲು ಉಳುಕಿ ವಾಸಿಯಾಯಿತು. ಇಲ್ಲಿಯ ಹುಲ್ಲು ಒಗ್ಗಿದೆ. ಮೂರೂ ಕಾರ್ಡಿನಲ್ಲಿ ಅಷ್ಟೇ! ಈ ಮುಂಡೇದು ತಾನು ಉಂಡನೋ ಬಿಟ್ಟನೋ ಒಂದು ಸಾಲು ಬರೆಯಬಾರದೇ ಅಂತ ನಾನು ರೇಗಿದರೆ, ನೀವು ದಾರಿಯುದ್ದಕ್ಕೂ ಎತ್ತಿನ ಮಾತೇ ತಾನೇ ಆಡಿದ್ದು ಅಂತ ಅವಳು ಅಂದಳು. ಆ ದಿನದ ವಿಷಯ ಅವಳಿಗೆ ಹೇಳಿದ್ದೇ ತಪ್ಪಾಯಿತು.

ಎಂಟು ತಿಂಗಳು ಅಂದದ್ದು ಹತ್ತಾಯಿತು. ಬರುತ್ತೇನೆ ಅಂತ ನಾಲ್ಕನೇ ಕಾರ್ಡು ಬಂದ ಮೇಲೆ ಬೀರೂರಿಗೆ ಹೋಗಿ ಕಾದೆ. ರೈಲು ಬಂತು. ನಾನು ಓಡಿಹೋಗಿ ದನದ ವ್ಯಾಗನ್ನಿನ ಮುಂದೆ ನಿಂತೆ. ಅವನನ್ನು ಕಳಿಸಿದ್ದು ಅಲ್ಲಿಂದ ತಾನೇ. ಅದರಲ್ಲಿ ಯಾರೂ ಇರಲಿಲ್ಲ. ಒಳಗೆ ತಲೆ ಹಾಕಿ ಮೂಲೆ ಮೂಲೆ ನೋಡಿದೆ. ಅಷ್ಟರಲ್ಲಿ ಬೆನ್ನ ಹಿಂದೆ ಯಾರೋ ಅಪ್ಪಾ ಅಂದರು. ಜನರ ಗಾಡಿಯಿಂದ, ಜನರ ಹಾಗೆ ಇಳಿದು ಬಂದಿದ್ದ. ನನಗಿಂತ ನಾಲ್ಕು ಬೆರಳು ಎತ್ತರವಾಗಿದ್ದ. ಹಣೆ ಮುಟ್ಟಿ ನೋಡಿದೆ, ತಣ್ಣಗಿತ್ತು.

ಅವನು ಗಂಟಿನಿಂದ ಒಂದು ಹಗ್ಗ ತೆಗೆದು ನನ್ನ ಕೈಯಲ್ಲಿಟ್ಟ. ಎತ್ತುಗಳು ಈಗ ಅಲ್ಲಿಯವರಿಗೆ ಒಗ್ಗಿವೆಯಂತೆ, ಹೊಸ ಹಗ್ಗ ಕಟ್ಟಿಸಿಕೊಳ್ಳುತ್ತವಂತೆ. ಇನ್ನೊಂದು ಎಲ್ಲಿ, ಮರೆತು ಬಂದೆಯಾ ಅಂತ ಕೇಳಿದೆ.

"ಮರೀಲಿಲ್ಲ ಅಪ್ಪಾ, ಬಿಟ್ಟು ಬಂದೆ. ಒಂದು ಐಸಿರಿ ಮನೇಲಿರ್ಲಿ, ಇನ್ನೊಂದು ಅಲ್ಲಿರ್ಲಿ. ಮತ್ತೆ ಹೋಗ್ಬೇಕಲ್ಲ."

ಕೇಳಿ ಒಪ್ಪಿಗೆ ಪಡೆಯುವ ಮಾತಲ್ಲ ಅದು, ಹೇಳುವ ಮಾತು. ಲಂಕೆಯ ದೊರೆಗೆ ಇನ್ನೂ ಎರಡು ಜೋಡಿ ಬೇಕಂತೆ, ಇವನೇ ಆರಿಸಿ, ಪಳಗಿಸಿ ತರಬೇಕಂತೆ. ಕೋಪ ಬರಲಿ ಅಂತ ನಾನು ಒಂದು ಗಳಿಗೆ ಕಾದೆ. ಬರಲಿಲ್ಲ. ಕಣ್ಣಲ್ಲಿ ನೀರು ಬಂತು. ಅದನ್ನು ಅವನು ಕಂಡ, ಕಂಡರೆ ಕಾಣಲಿ ಅಂದುಕೊಂಡೆ.

"ಹೋಗು. ಆದ್ರೆ ಈ ಸಲ ಎತ್ತಿನ ಸುದ್ದಿ ಬೇಡ ಕಣೋ. ನಿನ್ ಸುದ್ದಿ ಬರಿ."

ಆಗಲಿ ಅಂದ. ಮುಂದಿನ ವರ್ಷ ಹೋದವನ ಮೊದಲನೇ ಕಾರ್ಡು ಬಂದಾಗ ಹೆಂಡತಿ ಕೈ ಒರೆಸಿಕೊಂಡು ಬಾಗಿಲಿಗೆ ಬಂದು ನಿಂತಳು. ನಾನು ಕನ್ನಡಕ ಏರಿಸಿಕೊಂಡು ಓದಿದೆ. ನಾನು ಚೆನ್ನಾಗಿದ್ದೀನಿ ಅಂತ ಮೊದಲ ಸಾಲು. ಮುಂದಕ್ಕೆ ಓದಿ ಅಂದಳು. ಸ್ವಲ್ಪ ತಡಿಯೇ ಅಂದು ಆ ಸಾಲನ್ನೇ ಇನ್ನೊಂದು ಸಲ ಓದಿದೆ.