ಬಾಗಿಲಿಗೆ ಅಡ್ಡಮರ

ನಾನು ಚಿಕ್ಕವಳಿದ್ದಾಗ ನನಗೂ ಎಲ್ಲರ ಹಾಗೆ ಎರಡು ಕೈಗಳಿದ್ದವು ಮಕ್ಕಳೇ, ಆದರೆ ಕೆಲಸಕ್ಕೆ ಸಿಗುತ್ತಿದ್ದದ್ದು ಮಾತ್ರ ಒಂದೇ. ಇನ್ನೊಂದು ಸದಾ ಊರುಗೋಲಿನ ಮೇಲೆ. ಇನ್ನೂ ತೊದಲು ಮಾತಾಡುವ ವಯಸ್ಸಿನಲ್ಲೇ ಪೋಲಿಯೊ ಬಂದು ನನ್ನ ಎಡಗಾಲು ಸಣಕಲಾಗಿ ಉಳಿದುಬಿಟ್ಟಿತ್ತು. ಕೋಲು ಬಿಟ್ಟರೆ ನಿಲ್ಲಲಾಗದು, ಕೋಲು ಹಿಡಿದರೆ ಬೇರೇನನ್ನೂ ಹಿಡಿಯಲಾಗದು. ನೀವು ಹುಟ್ಟಿದಾಗಿನಿಂದ ಈ ಅಜ್ಜಿಯ ಕೋಲನ್ನು ನೋಡಿದವರು, ನಿಮಗೆ ಅದೊಂದು ವಿಷಯವೇ ಅಲ್ಲ. ನನಗೆ ಆಗ ಅದೇ ದೊಡ್ಡ ವಿಷಯವಾಗಿತ್ತು.

ಅದು ಎಪ್ಪತ್ತರ ದಶಕ. ಅಪ್ಪ ಕೋಲಾರದ ಚಿನ್ನದ ಗಣಿಯಲ್ಲಿ ಮರ ಕಟ್ಟುವ ಕೆಲಸದಲ್ಲಿದ್ದರು. ಭೂಮಿಯೊಳಗೆ ಕಲ್ಲು ಒಡೆದು ತೆಗೆದ ಜಾಗ ಕುಸಿಯಬಾರದಲ್ಲ, ಅದಕ್ಕೆ ಮರದ ದಿಮ್ಮಿ ಕೊಟ್ಟು, ಬೆಣೆ ಹೊಡೆದು ಬಿಗಿ ಮಾಡುವುದು ಅವರ ಕೆಲಸ. ನಮ್ಮ ಮನೆ ಮಾರಿಕುಪ್ಪಂ ಹತ್ತಿರದ ಗಣಿ ಲೈನಿನಲ್ಲಿ, ಅಂದರೆ ಗಣಿ ಕೂಲಿಗಳ ಸಾಲುಮನೆಗಳಲ್ಲಿತ್ತು. ತಗಡಿನ ಸೂರು, ಅಪ್ಪ ಕೈಯೆತ್ತಿದರೆ ತೊಲೆ ಸಿಗುವಷ್ಟು ತಗ್ಗು. ನನ್ನನ್ನು ಹೈಸ್ಕೂಲಿಗೆ ಬಂಗಾರಪೇಟೆಯಲ್ಲಿ ಮದುವೆಯಾಗಿದ್ದ ಅಕ್ಕನ ಮನೆಯಲ್ಲಿ ಬಿಟ್ಟಿದ್ದರು, ಅಲ್ಲಿಂದ ಸ್ಕೂಲು ಹತ್ತಿರ ಅಂತ. ಶನಿವಾರ ರೈಲು ಹತ್ತಿ ಮನೆಗೆ ಹೋಗುತ್ತಿದ್ದೆ, ಸೋಮವಾರ ಬೆಳಗ್ಗೆ ವಾಪಸ್ಸು ಬರುತ್ತಿದ್ದೆ.

ಸ್ಕೂಲಿನಲ್ಲಿ ನನಗೆ ತುಂಬಾ ಇಷ್ಟವಾದ ಜಾಗವೆಂದರೆ ಲ್ಯಾಬು. ಸ್ಪಿರಿಟ್ ದೀಪದ ವಾಸನೆ, ಗಂಧಕದ ಘಾಟು, ಹಳೇ ಬೀರುವಿನೊಳಗೆ ಸಾಲಾಗಿ ನಿಂತ ಬಣ್ಣಬಣ್ಣದ ಸೀಸೆಗಳು. ಆದರೆ ಅಲ್ಲಿ ನನ್ನ ಜಾಗ ಬಾಗಿಲ ಪಕ್ಕದ ಸ್ಟೂಲು. ಬೇರೆಯವರು ಪ್ರಯೋಗ ಮಾಡುತ್ತಿದ್ದರು, ನಾನು ಕೂತು ಬರೆದುಕೊಳ್ಳುತ್ತಿದ್ದೆ. 'ಅವಳ ಅಕ್ಷರ ಮುತ್ತು ಪೋಣಿಸಿದ ಹಾಗಿದೆ, ಅವಳು ಬರೀಲಿ' ಎಂದು ಎಲ್ಲರೂ ಹೇಳುತ್ತಿದ್ದರು. ಪ್ರೀತಿಯಿಂದಲೇ ಹೇಳುತ್ತಿದ್ದರು. ನನಗಂತೂ ಅದನ್ನು ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು.

ಎಂಟನೇ ತರಗತಿ ಮುಗಿಯುವ ಹೊತ್ತಿಗೆ ನಮ್ಮನ್ನು ಎರಡು ಭಾಗ ಮಾಡುತ್ತಿದ್ದರು. ಒಂದು ವಿಜ್ಞಾನ, ಇನ್ನೊಂದು ಹೊಲಿಗೆ. ವಿಜ್ಞಾನ ಬೇಕೆನ್ನುವವರು ಆಮ್ಲಜನಕ ತಯಾರಿಸಿ ತೋರಿಸಬೇಕು, ಒಬ್ಬೊಬ್ಬರೇ. ವಿಜ್ಞಾನದ ಮೇಷ್ಟ್ರು ನನ್ನನ್ನು ಕರೆದು, "ನಿನಗೆ ಹೊಲಿಗೆಯೇ ಸರಿಯಮ್ಮ" ಎಂದರು. ಅವರು ಕೆಟ್ಟವರಲ್ಲ, ಅವರಿಗೆ ಭಯ. ಕೂತು ಮಾಡಿದರೆ, ಕಾದ ಗಾಜು ಒಡೆದಾಗ ಮಡಿಲಿಗೇ ಬೀಳುತ್ತದೆ. ನಿಂತು ಮಾಡಲು ಎರಡು ಕೈ ಖಾಲಿ ಇರಬೇಕು. ಅಕ್ಕನೂ, "ಓಗ್ಲಿ ಬಿಡೇ, ನಮ್ಮನೇಲೇ ಮಿಷನ್ ಐತೆ, ಕಲ್ತ್ಕಂಡ್ರೆ ಆಯ್ತು" ಅಂದಳು. ಆ ಹೊಲಿಗೆ ಮಿಷನ್ನನ್ನು ನೀವು ನೋಡಬೇಕಿತ್ತು. ಎರಡೂ ಕಾಲಿನಲ್ಲಿ ತುಳಿಯುವಂಥದ್ದು! ಕಾಲು ಸರಿಯಿಲ್ಲದವಳಿಗೆ ಕಾಲಿನ ಕೆಲಸ ಕೊಡುವ ಬುದ್ಧಿವಂತಿಕೆಗೆ ಏನು ಹೇಳಲಿ.

ಆ ಪ್ರಯೋಗದಲ್ಲಿ ಒಂದು ಅಪಾಯವಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಸ್ಟ್ಯಾಂಡಿಗೆ ಸಿಕ್ಕಿಸಿದ ಗಾಜಿನ ಪ್ರನಾಳದಲ್ಲಿ ಪರ್ಮಾಂಗನೇಟಿನ ನೇರಳೆ ಹರಳು ಹಾಕಿ ದೀಪದಿಂದ ಕಾಯಿಸಬೇಕು. ಹುಟ್ಟಿದ ಅನಿಲ ಬಾಗಿದ ಕೊಳವೆಯಲ್ಲಿ ಹೋಗಿ, ಬೋಗುಣಿಯ ನೀರಿನಲ್ಲಿ ಬೋರಲು ಹಿಡಿದ ಜಾಡಿಯೊಳಗೆ ತುಂಬುತ್ತದೆ. ಮುಗಿದಾಗ ಮೊದಲು ಕೊಳವೆಯನ್ನು ನೀರಿನಿಂದ ಮೇಲೆತ್ತಬೇಕು, ಆಮೇಲೆ ದೀಪ ಸರಿಸಬೇಕು. ಹಿಂದುಮುಂದಾದರೆ ತಣ್ಣೀರು ಕೊಳವೆಯೊಳಗೆ ಸರ್ರನೆ ಹಿಂದಕ್ಕೆ ನುಗ್ಗಿ, ಕಾದ ಪ್ರನಾಳ ಒಡೆದು ಚೂರಾಗುತ್ತದೆ. ಒಂದು ಕೈ ಜಾಡಿಗೆ, ಒಂದು ಕೈ ದೀಪ ಕೊಳವೆಗಳಿಗೆ ಬೇಕು. ಕೋಲಿಗೆ ಕೈ ಎಲ್ಲಿಂದ ತರುವುದು?

ಪ್ರಯೋಗ ಸೋಮವಾರ ಇತ್ತು. ಹಿಂದಿನ ದಿನ ಭಾನುವಾರ ಮನೆಯಲ್ಲಿ ನಾನು ಅನ್ನ ಮುಟ್ಟಲಿಲ್ಲ. ಅಪ್ಪ ವಿಷಯವನ್ನೆಲ್ಲ ಕೇಳಿಸಿಕೊಂಡರು. ಅಯ್ಯೋ ಪಾಪ ಅನ್ನಲಿಲ್ಲ, ಆಗಲ್ಲ ಬಿಡು ಅಂತಲೂ ಅನ್ನಲಿಲ್ಲ.

"ಏನಿದ್ರೆ ಮಾಡ್ತೀಯ ಅಮ್ಮಣ್ಣಿ?" ಎಂದಷ್ಟೇ ಕೇಳಿದರು.

ಬೆನ್ನಿಗೊಂದು ಆಸರೆ ಇದ್ದರೆ ಕೈ ಬಿಡಬಲ್ಲೆ ಅಂದೆ. ಅಪ್ಪ ಹಿತ್ತಲಿನಿಂದ ನೀಲಗಿರಿಯ ಒಂದು ಮರ ತಂದು, ನೆಲಕ್ಕೂ ತೊಲೆಗೂ ನಡುವೆ ನೆಟ್ಟಗೆ ನಿಲ್ಲಿಸಿ, ಮೇಲೊಂದು ಕೆಳಗೊಂದು ಬೆಣೆ ಹೊಡೆದರು. ಬೆನ್ನು ಕೊಟ್ಟು ನಿಂತೆ. ಕೋಲು ಬಿಟ್ಟೆ. ಎರಡು ಕೈಯೂ ಗಾಳಿಯಲ್ಲಿ! ಅಮ್ಮನ ಲೋಟ, ಚೆಂಬು, ಸೌಟುಗಳನ್ನೇ ಜಾಡಿ, ಕೊಳವೆ ಎಂದುಕೊಂಡು ಕತ್ತಲಾಗುವವರೆಗೂ ಅಭ್ಯಾಸ ಮಾಡಿದೆ. ನಡುವೆ ಒಮ್ಮೆ ಮರ ಕಿರ್ರೆಂದಿತು. ನಾನು ಹೆದರಿ ಚೆಂಬು ಬಿಟ್ಟೆ, ನೀರೆಲ್ಲ ಚೆಲ್ಲಿತು. ಅಪ್ಪ ಮರವನ್ನು ಬೆರಳ ಗಂಟಿನಿಂದ ತಟ್ಟಿ, ಕಿವಿ ಕೊಟ್ಟು ಕೇಳಿದರು. ಗಣಿಯಲ್ಲಿ ದಿನವೂ ಕೆಲಸಕ್ಕೆ ಮೊದಲು ಅವರು ಹಾಗೆ ತಟ್ಟಿ ನೋಡುತ್ತಿದ್ದರಂತೆ.

"ಕೂತ್ಕಳ್ಳೋ ಮರ ಒಂದ್ಸಲ ಕೂಗಿ ಸುಮ್ಕಾಗ್ತದೆ. ಮುರಿಯೋ ಮರ ಚಟಚಟಾ ಅಂತ ಕೂಗ್ತಾನೇ ಇರ್ತದೆ. ಮುರಿಯೋದಕ್ಕೆ ಓಡಬೇಕು, ಕೂತ್ಕಳ್ಳೋದಕ್ಕೆ ಓಡಬಾರ್ದು" ಅಂದರು.

ಸೋಮವಾರ ಬೆಳಗಿನ ರೈಲಿಗೆ ಅಪ್ಪ ಆ ಮರವನ್ನು ಹೆಗಲ ಮೇಲೆ ಹೊತ್ತೇ ಹತ್ತಿದರು. ಸೊಂಟದಲ್ಲಿ ಸುತ್ತಿಗೆ, ಜೇಬಿನಲ್ಲಿ ಬೆಣೆ. ಮಗಳ ಮದುವೆಗೆ ಚಪ್ಪರವಾ ಎಂದು ಡಬ್ಬಿಯಲ್ಲಿದ್ದವರು ತಮಿಳಿನಲ್ಲಿ ತಮಾಷೆ ಮಾಡಿದರು. ಅಪ್ಪನೂ ತಮಿಳಿನಲ್ಲೇ ಏನೋ ಹೇಳಿ ನಗಿಸಿದರು. ನನಗೆ ನಗು ಬರಲಿಲ್ಲ.  ಮಧ್ಯಾಹ್ನದ ಪಾಳಿಗೆ ಅಪ್ಪ ವಾಪಸ್ಸು ಹೋಗಬೇಕಿತ್ತು, ಅಷ್ಟರೊಳಗೆ ನನ್ನದು ಮುಗಿಯಬೇಕಿತ್ತು.

ಲ್ಯಾಬಿನೊಳಗೆ ಕಾಲಿಟ್ಟ ಅಪ್ಪ ಮೇಲೆ ನೋಡಿದರು. ನೋಡಿ ಹಾಗೇ ನಿಂತರು. ಅದು ಬ್ರಿಟಿಷರ ಕಾಲದ ಕಟ್ಟಡ, ಸೂರು ಎಲ್ಲೋ ಆಕಾಶದಲ್ಲಿತ್ತು. ನಮ್ಮ ಮರ ಅದರ ಅರ್ಧಕ್ಕೂ ಮುಟ್ಟುತ್ತಿರಲಿಲ್ಲ. ಗಣಿಯಲ್ಲಿ ಮೇಲಿನ ಕಲ್ಲು ಒತ್ತಿ ಹಿಡಿಯುವುದರಿಂದಲೇ ಮರ ನಿಲ್ಲುವುದು. ಜೀವಮಾನವೆಲ್ಲ ತಲೆಗೆ ತಾಗುವ ಸೂರಿನ ಕೆಳಗೆ ದುಡಿದ ಮನುಷ್ಯನಿಗೆ, ಸೂರೇ ಕೈಗೆ ಸಿಗದ ಕೋಣೆಯೊಂದು ಇದ್ದೀತೆಂಬುದು ಹೊಳೆದೇ ಇರಲಿಲ್ಲ. ಆದರೂ ಮರವನ್ನು ನೆಟ್ಟಗೆ ನಿಲ್ಲಿಸಿ ಕೈ ಬಿಟ್ಟರು. ಅದು ವಾಲಿ ಧಡಾರನೆ ನೆಲಕ್ಕೆ ಬಿತ್ತು. ಹುಡುಗರು ಕಿಸಕ್ಕೆಂದರು. ಅಪ್ಪನ ಮುಖ ಕಿವಿಯವರೆಗೂ ಕೆಂಪೇರಿತು. ಅವರು ಹಾಗೆ ತಲೆ ತಗ್ಗಿಸಿದ್ದನ್ನು ನಾನು ಅದುವರೆಗೂ ನೋಡಿರಲಿಲ್ಲ. 

"ಇರಲಿ ಬಿಡಪ್ಪ, ಬೇಸರ ಮಾಡ್ಕೋಬೇಡ. ಹೊಲಿಗೆಗೆ ಹೆಸರು ಬರ್ಕೊಳ್ತೀನಿ" ಎಂದರು ಮೇಷ್ಟ್ರು. ಮುಂದಿನವರನ್ನು ಕರೆದೂ ಬಿಟ್ಟರು.

ಅಪ್ಪ ಮರ ಎತ್ತಿ ಕಂಕುಳಲ್ಲಿ ಇಟ್ಟುಕೊಂಡು, ಯಾರ ಮುಖವನ್ನೂ ನೋಡದೆ ಹೊರಟರು. ಅವಸರದಲ್ಲಿ ಮರವನ್ನು ಅಡ್ಡವಾಗಿಯೇ ಹಿಡಿದಿದ್ದರು. ಬಾಗಿಲ ಎರಡೂ ಕಡೆಯ ಕಲ್ಲಿನ ಕಂಬಕ್ಕೆ ಮರ ಢಣ್ಣೆಂದು ಬಡಿದು ಅವರನ್ನು ಹಿಂದಕ್ಕೆ ತಳ್ಳಿತು. ಹುಡುಗರು ಮತ್ತೆ ನಕ್ಕರು. ನಾನು ನಗಲಿಲ್ಲ. ಆ ಕಲ್ಲುಕಂಬಗಳನ್ನೇ ನೋಡುತ್ತಿದ್ದೆ.

"ಅಪ್ಪಾ, ಗಣೀಲಿ ಮರಾನ ಅಡ್ಡಕ್ಕೂ ಇಕ್ತೀವಿ ಅಂತಿದ್ದೆಯಲ್ಲ, ಆ ಗೋಡೆಗೂ ಈ ಗೋಡೆಗೂ?"

ಅಪ್ಪ ಒಮ್ಮೆ ನನ್ನನ್ನು, ಒಮ್ಮೆ ಬಾಗಿಲನ್ನು ನೋಡಿದರು.  ಗೇಣು ಹಾಕಿ ಬಾಗಿಲ ಅಗಲ ಅಳೆದರು. ಮೇಷ್ಟ್ರು ಏನು ಎತ್ತ ಎನ್ನುವಷ್ಟರಲ್ಲಿ, ಜವಾನರ ಹತ್ತಿರ ಗರಗಸ ಕೇಳಿ ತಂದು ಜಗಲಿಯಲ್ಲಿ ಮರ ಕುಯ್ಯತೊಡಗಿದರು. ಹಸಿ ನೀಲಗಿರಿಯ ವಾಸನೆ ಲ್ಯಾಬಿನ ಘಾಟನ್ನೂ ಮೀರಿಸಿತು. ಒಳಗೆ ಒಬ್ಬೊಬ್ಬರದೇ ಪ್ರಯೋಗ ಮುಗಿಯುತ್ತಿತ್ತು. ಒಬ್ಬ ಹುಡುಗ ದೀಪವನ್ನು ಮೊದಲು ಸರಿಸಿಬಿಟ್ಟ. ನೀರು ನುಗ್ಗಿ, ಪ್ರನಾಳ ಫಟ್ಟೆಂದು ಒಡೆದು, ನೇರಳೆ ನೀರು ಮೇಜೆಲ್ಲ ಹರಿಯಿತು. ಮೇಷ್ಟ್ರು ನನ್ನ ಕಡೆ ತಿರುಗಿ, ನೋಡಿದೆಯಾ ಎನ್ನುವ ಹಾಗೆ ತಲೆಯಾಡಿಸಿದರು. 

ಕೊನೆಗೆ ಉಳಿದವಳು ನಾನು. ಅಪ್ಪ ಮರವನ್ನು ನನ್ನ ಸೊಂಟದ ಎತ್ತರಕ್ಕೆ ಬಾಗಿಲಿಗೆ ಅಡ್ಡ ಕೊಟ್ಟು ಬೆಣೆ ಜಡಿದಿದ್ದರು. ಮೇಷ್ಟ್ರು ಬಂದು ಮೊದಲು ಕೈಯಲ್ಲಿ ಅಲ್ಲಾಡಿಸಿದರು. ನಂಬಿಕೆ ಬರಲಿಲ್ಲ. ಪಂಚೆ ಸರಿಮಾಡಿಕೊಂಡು ತಾವೇ ಅದರ ಮೇಲೆ ಕೂತು ನೋಡಿದರು. ಅವರದೇನು ಸಣ್ಣ ಶರೀರವಲ್ಲ. ಮರ ಮಿಸುಕಲಿಲ್ಲ. ಮೇಷ್ಟ್ರು ಎದ್ದು ಹೋಗಿ, ತಮ್ಮ ಮರದ ಮೇಜನ್ನು ತಾವೇ ಎಳೆದು ತಂದು ಬಾಗಿಲ ಮುಂದೆ ಇಟ್ಟರು.

"ಮಾಡು. ಗಾಜು ಒಡೆದರೆ ಹೊಲಿಗೆ" ಎಂದರು.

ನಾನು ಮರಕ್ಕೆ ಒರಗಿ ಕೋಲನ್ನು ಗೋಡೆಗೆ ಆನಿಸಿದೆ. ಅಪ್ಪ ಬೆನ್ನ ಹಿಂದೆ, ಹೊರಗೆ ಜಗಲಿಯಲ್ಲಿದ್ದರು. ಕ್ಲಾಸೆಲ್ಲ ಒಳಗಿತ್ತು. ಇದ್ದದ್ದೇ ಒಂದು ಬಾಗಿಲು, ಅದನ್ನು ನಾನು ಮುಚ್ಚಿಬಿಟ್ಟಿದ್ದೆ. ಊಟದ ಗಂಟೆ ಹೊಡೆಯಿತು. ಯಾರೂ ಹೊರಗೆ ಹೋಗುವ ಹಾಗಿಲ್ಲ. ಎಲ್ಲರೂ ಮೇಜಿನ ಸುತ್ತ ಬಂದು ನಿಂತರು.

ದೀಪ ಹಚ್ಚಿದೆ. ಹರಳು ಚಟಪಟ ಸಿಡಿಯಿತು. ನೀರಿನಲ್ಲಿ ಮೊದಲು ಒಂದು ಗುಳ್ಳೆ, ಆಮೇಲೆ ಸಾಲು ಸಾಲು. ಜಾಡಿಯ ನೀರು ನಿಧಾನವಾಗಿ ಕೆಳಗಿಳಿಯತೊಡಗಿತು. ಅರ್ಧ ತುಂಬಿತ್ತೋ ಇಲ್ಲವೋ, ನನ್ನ ಬೆನ್ನ ಹಿಂದೆ ಮರ ಕಿರ್ರೆಂದು ಕೂಗಿತು.  ಕೈಗಳು ಎರಡೂ ತಾವಾಗಿಯೇ ಮೇಜಿನ ಅಂಚು ಹಿಡಿಯಲು ಹೊರಟವು. ಜಾಡಿ ವಾಲಿತು. ಮೇಷ್ಟ್ರು ಓಡಿಬಂದು ಕೈ ಚಾಚಿದರು. ಅವರು ಮುಟ್ಟಿದರೆ ಒಬ್ಬಳೇ ಮಾಡಿದಂತಾಗುತ್ತಿರಲಿಲ್ಲ, ಅಲ್ಲಿಗೆ ಮುಗಿಯುತ್ತಿತ್ತು.

"ಒಂದೇ ಸಲ ಕಣಮ್ಮಣ್ಣಿ" ಎಂದು ಹಿಂದಿನಿಂದ ಅಪ್ಪನ ದನಿ ಮೆಲ್ಲಗೆ ಬಂತು. "ಕೂತ್ಕಂತು ಅಷ್ಟೇ."

ನಾನು ಕಿವಿ ಕೊಟ್ಟೆ. ಮತ್ತೆ ಸದ್ದಿಲ್ಲ. ಜಾಡಿಯನ್ನು ನೆಟ್ಟಗೆ ಮಾಡಿದೆ. ಬೆನ್ನಿನ ಭಾರವನ್ನೆಲ್ಲ ಮರಕ್ಕೇ ಬಿಟ್ಟೆ. ಜಾಡಿ ತುಂಬಿತು. ನೀರಿನಡಿಯಲ್ಲೇ ಅದರ ಬಾಯಿಗೆ ಗಾಜಿನ ಬಿಲ್ಲೆ ಮುಚ್ಚಿ, ಎತ್ತಿ ಮೇಜಿನ ಮೇಲಿಟ್ಟೆ. ಮೊದಲು ಕೊಳವೆ ಎತ್ತಿದೆ, ಆಮೇಲೆ ದೀಪ ಸರಿಸಿದೆ. ಗಾಜು ಒಡೆಯಲಿಲ್ಲ. ಉರಿದು ಆರಿದ ಪೊರಕೆಕಡ್ಡಿಯನ್ನು, ತುದಿಯಲ್ಲಿ ಇನ್ನೂ ಕೆಂಡವಿರುವಾಗಲೇ ಜಾಡಿಯೊಳಗೆ ಇಳಿಸಿದೆ. ಅದು ಭಗ್ಗನೆ ಹತ್ತಿಕೊಂಡಿತು. ಅಂಥ ಬಿಳಿ ಬೆಳಕನ್ನು ನಾನು ಬಾಗಿಲ ಪಕ್ಕದ ಸ್ಟೂಲಿನಿಂದ ಎಷ್ಟೋ ಸಲ ನೋಡಿ ಬರೆದಿದ್ದೆ. ಅವತ್ತು ಅದರ ಬಿಸಿ ನನ್ನ ಬೆರಳಿಗೆ ತಾಕಿತು. ಸಂತೋಷಕ್ಕೆ ನಾನು ಗೊಳೋ ಎಂದು ಅತ್ತುಬಿಟ್ಟೆ.

ಮೇಷ್ಟ್ರು ಕನ್ನಡಕ ಒರೆಸಿಕೊಂಡು, "ಒಂಬತ್ತನೇ ಕ್ಲಾಸಿಗೂ ಈ ಮರ ಬೇಕಾಗುತ್ತೆ, ಇಲ್ಲೇ ಇರಲಿ" ಎಂದರು. ಹಿಂತಿರುಗಿ ನೋಡಿದರೆ ಜಗಲಿಯಲ್ಲಿ ಅಪ್ಪ ಇಲ್ಲ. ದೂರದಲ್ಲಿ ಮಾರಿಕುಪ್ಪಂ ರೈಲು ಕೂಗಿತು. ಪಾಳಿಗೆ ಓಡಿಹೋಗಿದ್ದರು. ಹುಡುಗರೆಲ್ಲ ನನ್ನ ಅಡ್ಡಮರದ ಕೆಳಗೆ ಬಗ್ಗಿ ಬಗ್ಗಿ ಊಟಕ್ಕೆ ಹೋದರು.

ನಿಮ್ಮ ಸ್ಕೂಲಿನಲ್ಲಿ ಈಗ ಮೆಟ್ಟಿಲ ಪಕ್ಕದಲ್ಲಿ ಇಳಿಜಾರು ದಾರಿ ಇದೆ. ಲ್ಯಾಬಿನಲ್ಲಿ ಗೋಡೆಯಗಲದ ಪರದೆ, ಬೆರಳು ಒತ್ತಿದರೆ ಹತ್ತುವ ಒಲೆ, ಕಂಪ್ಯೂಟರ್ ಎಲ್ಲ ಇದೆ. ಅದನ್ನು ನೋಡಿ ನನಗೆ ಹೊಟ್ಟೆ ತುಂಬಿತು, ಸುಳ್ಳು ಯಾಕೆ ಹೇಳಲಿ. ಮೊನ್ನೆ ನಿಮ್ಮಲ್ಲಿ ದೊಡ್ಡವಳು ಲ್ಯಾಬಿನ ಫೋಟೊ ತೋರಿಸಿದಳಲ್ಲ, ಅದರಲ್ಲಿ ಗಾಲಿಕುರ್ಚಿಯ ಹುಡುಗನೊಬ್ಬ ಬಾಗಿಲ ಪಕ್ಕದಲ್ಲಿದ್ದ. ಇವನ್ಯಾಕೆ ಇಲ್ಲಿದ್ದಾನೆ ಎಂದು ಕೇಳಿದೆ. ಮೇಜು ಅವನಿಗೆ ಎತ್ತರವಂತೆ. "ಅವನು ರೀಡಿಂಗ್ ಬರ್ಕೊಳ್ತಾನೆ ಅಜ್ಜಿ, ಅವನ ಹ್ಯಾಂಡ್‌ರೈಟಿಂಗ್ ಸೂಪರ್" ಅಂದಳು.

ನಾನು ಅವತ್ತು ಎದ್ದು ಒಳಗೆ ಹೋದೆ. ಇವತ್ತು ಹೇಳುತ್ತಿದ್ದೇನೆ. ದೊಡ್ಡವಳೇ, ಇಲ್ಲಿ ನೋಡು, ಇದು ಆ ಅಡ್ಡಮರಕ್ಕೆ ಹೊಡೆದಿದ್ದ ಅಪ್ಪನ ಬೆಣೆ, ಸ್ಕೂಲು ಮುಗಿದಾಗ ತಂದದ್ದು, ಇಷ್ಟು ವರ್ಷ ನನ್ನ ಮಂಚದ ಕಾಲಿನ ಕೆಳಗಿತ್ತು. ನಾಳೆ ಇದನ್ನು ಬ್ಯಾಗಿಗೆ ಹಾಕಿಕೊಂಡು ಹೋಗಿ ಆ ಹುಡುಗನ ಕೈಗೆ ಕೊಡು. ಕೊಟ್ಟು, ಏನಿದ್ದರೆ ಮಾಡ್ತೀಯ ಎಂದು ಅವನನ್ನೇ ಕೇಳು.