ಕೂದಲೆಳೆಯಷ್ಟು ಬಿಳಿ

ಮುದ್ರಣಾಲಯದಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ಅಂಚಣ್ಣ ಎಂದೇ. ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಕೆಲಸ. ಯಾರಾದರೂ ಮುಖಪುಟದ ಚಿತ್ರವನ್ನು ಕತ್ತರಿಸುವ ಗೆರೆಗೆ ಸರಿಯಾಗಿ ನಿಲ್ಲಿಸಿ ತಂದರೋ, ಮುಗಿಯಿತು ಅವರ ಕಥೆ. "ಅಲ್ಲಯ್ಯಾ, ಚಿತ್ರ ಗೆರೆ ದಾಟಿ ಮೂರು ಮಿಲಿಮೀಟರ್ ಆಚೆ ಹೋಗ್ಬೇಕು. ಬ್ಲೀಡ್ ಅನ್ನೋದು ಅದಕ್ಕೇ. ಕತ್ತಿ ಒಂಚೂರು ಜಾರಿದ್ರೂ ಬಿಳಿ ಕಾಗದ ಹಲ್ಲು ಕಿರಿಯುತ್ತೆ!" ಎಂದು ಪ್ರಾಣ ತಿನ್ನುತ್ತಿದ್ದ. ಹೆಂಡತಿ ಮಕ್ಕಳು ಇಲ್ಲದ ಅವನಿಗೆ ಇದ್ದವಳು ಎತ್ತಿ ಆಡಿಸಿ ಬೆಳೆಸಿದ ಅಕ್ಕ ಒಬ್ಬಳೇ.

ಆ ಅಕ್ಕ ಹಾಸಿಗೆ ಹಿಡಿದಿದ್ದಳು. ಮಕ್ಕಳಿಗಾಗಿ ಅವಳು ಬರೆದಿದ್ದ ಪದ್ಯಗಳನ್ನು ಪುಸ್ತಕ ಮಾಡಿ, ಜೀವ ಇರುವಾಗಲೇ ಅವಳ ಕೈಗಿಡಬೇಕೆಂಬುದೊಂದೇ ಅವನ ಹಂಬಲ. ಮುಖಪುಟಕ್ಕೆ, ಅವಳೇ ಎಂದೋ ಬಿಡಿಸಿದ್ದ ಕಡುನೀಲಿ ಆಕಾಶ. ಅದನ್ನು ನಾಲ್ಕೂ ಕಡೆ ಗೆರೆ ದಾಟಿಸಿ ಹಾಸಿದ. ಪಿಡಿಎಫ್ ಮಾಡುವ ಹೊತ್ತಿಗೆ ಸರಿಯಾಗಿ ಭಾವ ಫೋನ್ ಮಾಡಿದರು. "ಉಸಿರು ಕಟ್ತಾ ಇದೆ, ಬೇಗ ಬಾರೋ." ಬ್ಲೀಡ್ ಸೇರಿಸುವ ಚೌಕಕ್ಕೆ ಟಿಕ್ ಹಾಕದೆಯೇ ಫೈಲ್ ಕಳಿಸಿ ಓಡಿದ; ಗೆರೆಯಾಚೆ ಹಾಸಿದ್ದ ಚಿತ್ರವೆಲ್ಲ ಫೈಲಿನಿಂದ ಬಿಟ್ಟುಹೋಯಿತು. ಊರಿಗೆಲ್ಲ ಬುದ್ಧಿ ಹೇಳುವವನೇ ಹಾಗೆ ಮಾಡಿಬಿಟ್ಟ ನೋಡಿ!

ಅಂಚಣ್ಣನ ಫೈಲ್ ಎಂದಮೇಲೆ ಪರೀಕ್ಷಿಸುವ ಧೈರ್ಯ ಯಾರಿಗಿದೆ? ಹಾಗೇ ಅಚ್ಚಾಯಿತು. ಅಕ್ಕ ಆ ಸಲ ಹೇಗೋ ಚೇತರಿಸಿಕೊಂಡಳು. ಆದರೆ ಪುಸ್ತಕ ಬಂದಾಗ ಅವನು ಅದರ ಅಂಚಿನ ಮೇಲೆ ಕಣ್ಣಾಡಿಸಿದ. ಆಕಾಶದ ಬಲ ಅಂಚಿನಲ್ಲಿ, ಮೇಲಿಂದ ಕೆಳಗಿನವರೆಗೆ, ಕೂದಲೆಳೆಯಷ್ಟು ಬಿಳಿ.

"ಯಾರ ಕಣ್ಣಿಗೆ ಬೀಳುತ್ತಣ್ಣಾ ಇದು? ಸುಮ್ನೆ ತಗೊಂಡ್ಹೋಗಿ ಕೊಡು," ಎಂದ ಕಟಿಂಗ್ ಮಷೀನಿನವನು.

"ಅಕ್ಕನ ಕಣ್ಣಿಗೆ ಬೀಳುತ್ತೆ. ಮುಖಪುಟ ಮತ್ತೆ ಹೊಡೀರಿ."

ಸಂಜೆ ಅಕ್ಕನ ಪಕ್ಕದಲ್ಲಿ ಕೂತಾಗ ಆ ಪುಸ್ತಕ ಅವನ ಚೀಲದಲ್ಲೇ ಇತ್ತು.

"ಬಂತೇನೋ ಪುಟ್ಟಾ?" ತಲೆ ನರೆತ ಗಂಡಸು ಅವಳಿಗೆ ಇನ್ನೂ ಪುಟ್ಟನೇ.

"ಇನ್ನೂ ಇಲ್ಲ ಅಕ್ಕಾ. ಎರಡೇ ದಿನ."

"ಆಗ್ಲಿ ಬಿಡು. ಅವಸರ ಮಾಡ್ಬೇಡ," ಎಂದು ಅವನ ಕೈ ಸವರಿದಳು. ಬೆಳಗಾಗುವಷ್ಟರಲ್ಲಿ ಹೋಗಿಯೇ ಬಿಟ್ಟಳು.

ಹೊಸ ಮುಖಪುಟದ ಪುಸ್ತಕ ಬಂದ ದಿನ ಅವನು ಭಾವನ ಮುಂದೆ ಕೂತು ಎಲ್ಲವನ್ನೂ ಹೇಳಿಕೊಂಡ. ಕೆಟ್ಟ ಪ್ರತಿಯನ್ನೂ ತೆಗೆದು ತೋರಿಸಿದ. "ಇದನ್ನ ಹೇಗೆ ಕೊಡ್ಲಿ ಭಾವ? ಅವಳದೇ ಚಿತ್ರ. ನೋಡಿ ನೊಂದ್ಕೋತಿದ್ಲು."

ಭಾವ ಎರಡೂ ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟರು. ಆಮೇಲೆ, "ಕೊನೆಕೊನೆಗೆ ಅವಳಿಗೆ ಕಣ್ಣೇ ಕಾಣ್ತಿರಲಿಲ್ಲ ಕಣೋ," ಎಂದರು. "ಪುಟ್ಟ ಸಂಕಟಪಡ್ತಾನೆ, ಹೇಳ್ಬೇಡಿ ಅಂದಿದ್ಲು."

ಭಾವ ಆ ಕೆಟ್ಟ ಪ್ರತಿಯನ್ನೇ ಎತ್ತಿಕೊಂಡು ಅದರ ಮೇಲೆ ಅಂಗೈ ಆಡಿಸಿದರು.

"ಕೈಗೆ ಕೊಟ್ಟಿದ್ರೆ ಹೀಗೆ ತಡವಿ ನೋಡ್ಕೋತಿದ್ಲು. ಅಷ್ಟೇ ಸಾಕಾಗಿತ್ತು ಅವಳಿಗೆ."